ತಗಡಿನ ಬಾಗಿಲು

ಜನವರಿ 8

ತೀರ್ಥರೂಪು ಅಪ್ಪನವರಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ಪದ್ಧತಿ. ಬರೆದಿದ್ದೇನೆ ಎಂದುಕೊಳ್ಳಿ.

ನೀವು ಜೈಲಿಗೆ ಹೋದ ಮೇಲೆ ಈ ಹದಿನಾಲ್ಕು ತಿಂಗಳಲ್ಲಿ ನಾನು ಒಂದು ಸಾಲೂ ಬರೆದಿಲ್ಲ. ಅಮ್ಮನ ಕಾಗದದ ಕೊನೆಯಲ್ಲಿ ನನ್ನ ನಮಸ್ಕಾರ ಇರುತ್ತದಲ್ಲ, ಅದನ್ನು ಅವಳೇ ಸೇರಿಸುತ್ತಿದ್ದಳು. ಈಗ ಬರೆಯಲು ಎರಡು ಕಾರಣ ಇವೆ.

ಮೊದಲನೆಯದು, ವಕೀಲರು ಬಂದಿದ್ದರು. ನಿಮ್ಮ ಅಪೀಲು ಏಪ್ರಿಲ್ 22ಕ್ಕೆ ಬರುತ್ತದೆ. ಹೋದ ಸಲ ನಾನು ಚಿಕ್ಕವಳೆಂದು ಬಿಟ್ಟಿದ್ದರು, ಈ ಸಲ ನನ್ನ ಸಾಕ್ಷಿ ಕೇಳಲು ಕೋರ್ಟು ಒಪ್ಪಿದೆಯಂತೆ. ನೀವು ನಕ್ಷೆ ಕಚೇರಿಗೆ ಮಾರಿದ ಹನ್ನೊಂದು ಕಂಪ್ಯೂಟರುಗಳಲ್ಲಿ ಒಂದಕ್ಕೆ ಬೆಂಕಿ ಹತ್ತಿ, ಅಲ್ಲಿ ನಕ್ಷೆ ಬರೆಯುತ್ತಿದ್ದಾಕೆಯ ಬಲಗೈ ಸುಟ್ಟುಹೋಯಿತು. ಒಳಗಿನ ಕರೆಂಟಿನ ಡಬ್ಬ, ಆ ಪವರ್ ಸಪ್ಲೈ, ಕೆಟ್ಟದ್ದು, ಅದು ನಿಮಗೆ ಗೊತ್ತಿದ್ದೂ ಸುಮ್ಮನಿದ್ದಿರಿ ಎಂಬುದು ಅವರ ಆರೋಪ. ಗೊತ್ತಿರಲಿಲ್ಲ ಎಂಬುದು ನಿಮ್ಮ ಮಾತು. ಅದೇ ಲಾಟಿನ ಹನ್ನೆರಡನೆಯ ಯಂತ್ರ ನನ್ನ ಮೇಜಿನ ಕೆಳಗಿದೆ. ವಕೀಲರು ಹೇಳಿದ್ದು ಇಷ್ಟು: “ನೀನು ಜಾಸ್ತಿ ಮಾತಾಡ್ಬೇಡಮ್ಮ. ಅದೇ ಸಾಮಾನು ನಮ್ಮನೇಲೂ ಇದೆ, ಅಪ್ಪ ಅದನ್ನ ಮುಟ್ಟೇ ಇಲ್ಲ, ಅಷ್ಟು ಹೇಳು ಸಾಕು. ಗೊತ್ತಿದ್ರೆ ಯಾವ ತಂದೆ ಮಗಳ ಕಾಲ ಹತ್ರ ಇಡ್ತಾನೆ?” ಹೇಳುತ್ತೇನೆ. ನಿಜವಾದ್ದರಿಂದ ಹೇಳುತ್ತೇನೆ.

ಎರಡನೆಯದು, ಆ ಯಂತ್ರ ಈಗ ಏದುಸಿರು ಬಿಡುತ್ತಿದೆ. ನಮ್ಮ ಐವರ ತಂಡ ಆಡುವ ಆಟದ ಹೊಸ ಆವೃತ್ತಿ ಬಂದಿದೆ. ಎದುರಾಳಿ ಬಂದು ಹೊಡೆದು ಹೋದ ಮೇಲೆ ನನ್ನ ಪರದೆಯಲ್ಲಿ ಅವನು ಕಾಣುತ್ತಾನೆ. ರ‍್ಯಾಮ್ ಹೆಚ್ಚಿಸಬೇಕು, ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕು. ರಿಪೇರಿಯವನ ಮಗಳಾಗಿ ಒಂದು ಸ್ಕ್ರೂವನ್ನೂ ಬಿಚ್ಚಿದವಳಲ್ಲ ನಾನು, ಕೌಂಟರಿನಲ್ಲಿ ಕೂತು ಚೀಲಕ್ಕೆ ಹಾಕಿ ಕೊಟ್ಟಿದ್ದಷ್ಟೇ. ಈಗ ನನ್ನ ಕೈಯಿಂದಲೇ ಮಾಡಬೇಕೆಂದಿದೆ. ಎಲ್ಲಿಂದ ಶುರುಮಾಡಲಿ?

ಇಂತಿ,
ನಿಮ್ಮ ಮಗಳು


ಜನವರಿ 17

ಚೂಟಿ,

ನಿನ್ನ ಅಕ್ಷರ ಲಕೋಟೆಯ ಮೇಲೆ ಕಂಡಾಗ ವಿಳಾಸವನ್ನೇ ಮೂರು ಸಲ ಓದಿದೆ. ಅದನ್ನು ಬರೆಯಲು ನಾಚಿಕೆ ಇಲ್ಲ.

ಆದರೆ ‘ತೀರ್ಥರೂಪು’ ಅಂತೆ, ‘ನೀವು’ ಅಂತೆ. ನಾನೇನು ಗಿರಾಕಿಯೇ? ಹುಟ್ಟಿದಾಗಿನಿಂದ ‘ಏ ಅಪ್ಪ, ಬಾ ಇಲ್ಲಿ’ ಎಂದವಳು ನೀನು. ಸಿಟ್ಟಿದ್ದರೆ ಇರಲಿ, ಬೈಯುವುದಾದರೆ ಏಕವಚನದಲ್ಲೇ ಬೈ.

ನಮ್ಮ ಕಾಗದಗಳನ್ನು ಇಲ್ಲಿನ ಕಚೇರಿಯಲ್ಲಿ ಒಬ್ಬ ಗುಮಾಸ್ತರು ಓದಿ ಮೊಹರು ಹಾಕುತ್ತಾರೆ. ಕೇಸಿಗೆ ಸಂಬಂಧಪಟ್ಟದ್ದು ಕಂಡರೆ ನಕಲು ತೆಗೆದು ಮೇಲಕ್ಕೆ ಕಳಿಸುತ್ತಾರೆ. ಇದು ಗೊತ್ತಿರಲಿ.

ಯಂತ್ರದ ವಿಷಯ. ಅವಸರ ಬೇಡ. ಅಪೀಲು ಮುಗಿಯಲಿ, ನಾನೇ ಬಂದು ಮಾಡಿಕೊಡುತ್ತೇನೆ. ಕಂಪನಿಯಿಂದ ಸೀಲಾಗಿ ಬಂದ ಪೆಟ್ಟಿಗೆ ಅದು, ಹಿಂದೆ ಸ್ಕ್ರೂ ಮೇಲೆ ಚೀಟಿ ಅಂಟಿಸಿದ್ದಾರೆ, ಅದು ಹರಿದರೆ ಗ್ಯಾರಂಟಿ ಹೋಗುತ್ತದೆ. ನೀನು ಹೊಸಬಳು. ಬೇಡ ಮಗಳೇ.

ಅಮ್ಮನ ಬೆನ್ನುನೋವು ಹೇಗಿದೆ? ಬೇಕರಿಯಲ್ಲಿ ಇನ್ನೂ ಬೆಳಗಿನ ಪಾಳಿಯೇ?

ನಿನ್ನ ಅಪ್ಪ


ಜನವರಿ 29

ಅಪ್ಪ,

ಸರಿ, ನೀನು. ಸಮಾಧಾನವಾಯಿತಾ?

ಗ್ಯಾರಂಟಿ ಮುಗಿದು ವರ್ಷವಾಯಿತು. ಸ್ಕ್ರೂಡ್ರೈವರ್ ಕಂಡರೆ ಹೆದರುವ ಗಿರಾಕಿಗಳನ್ನು ‘ಕಚ್ಚಲ್ಲ ಸಾರ್, ಹಿಡ್ಕೊಳ್ಳಿ’ ಎಂದು ಗೇಲಿ ಮಾಡುತ್ತಿದ್ದವನು ನೀನು. ಈಗ ಚೀಟಿಯ ನೆಪ ಹೇಳುತ್ತೀಯ. ಹಾಗಾಗಿ ನಿನ್ನ ಮಾತು ಕೇಳಲಿಲ್ಲ.

ಪೆಟ್ಟಿಗೆಯ ಪಕ್ಕದ ಗಾಜಿನ ಬಾಗಿಲನ್ನು ಮಾತ್ರ ತೆಗೆದೆ. ಅದಕ್ಕೆ ಚೀಟಿ ಇಲ್ಲ, ಕೈಯಲ್ಲೇ ತಿರುಗಿಸುವ ಎರಡು ಸ್ಕ್ರೂ. ಒಳಗೆ ಧೂಳು ಕಂಬಳಿಯಂತೆ ಕೂತಿತ್ತು. ಎರಡು ರ‍್ಯಾಮ್ ಕಡ್ಡಿ ಇಟ್ಟೆ, ಮೆಲ್ಲಗೆ ಒತ್ತಿದೆ, ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ದೀಪಗಳೆಲ್ಲ ಬಣ್ಣ ಬದಲಿಸಿದವು, ಪರದೆ ಮಾತ್ರ ಕಪ್ಪು. ಮಾನಿಟರ್ ಕೆಟ್ಟಿತೆಂದು ಮಾನಿಟರಿನ ವೈರು ಬದಲಿಸಿದೆ. ಗೋಡೆಯ ಪ್ಲಗ್ಗು ಬದಲಿಸಿದೆ. ಕೀಬೋರ್ಡನ್ನೂ ಕಿತ್ತು ಹಾಕಿದೆ, ಅದು ಏನು ತಪ್ಪು ಮಾಡಿತ್ತೋ. ಅಮ್ಮ ಪಾಳಿ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತು, “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದ್ದೀಯಲ್ಲೇ” ಎಂದಳು. ಬಹಳ ದಿನಗಳ ಮೇಲೆ ನಕ್ಕಳು.

ಎರಡು ದಿನವಾಯಿತು, ಇನ್ನೂ ಕಪ್ಪೇ. ತಪ್ಪೆಲ್ಲಿ?

ಚೂಟಿ


ಫೆಬ್ರವರಿ 6

ಚೂಟಿ,

ಕಡ್ಡಿ ಪೂರ್ತಿ ಕೂತಿಲ್ಲ, ಅಷ್ಟೇ. ಹೊಸಬರೆಲ್ಲ ಮಾಡುವ ತಪ್ಪು ಇದು. ಮುರಿದುಹೋದೀತೆಂದು ಮೆಲ್ಲಗೆ ಒತ್ತುತ್ತಾರೆ. ಗೋಡೆಯ ಪ್ಲಗ್ಗು ಕಿತ್ತು, ಲೋಹದ ಚೌಕಟ್ಟನ್ನು ಒಮ್ಮೆ ಮುಟ್ಟಿ, ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತು. ಟಕ್ ಎನ್ನಬೇಕು. ಎರಡು ಸಲ ಟಕ್. ಕಡ್ಡಿಗಳನ್ನು ಅಕ್ಕಪಕ್ಕ ಕೂರಿಸಬೇಡ, ಒಂದು ಮನೆ ಬಿಟ್ಟು ಒಂದರಲ್ಲಿ ಹಾಕು.

ಇಷ್ಟನ್ನೇ ಬರೆದು ಕೊಟ್ಟಿದ್ದೆ, ಈ ಸಾಲು ಓದಿ ಗುಮಾಸ್ತರು ಕಾಗದ ಹಿಡಿದುಕೊಂಡು ನನ್ನನ್ನು ಕರೆಸಿದ್ದರು. “ಈ ರ‍್ಯಾಮ್ ಯಾರ‍್ರೀ? ಅವನ ಎರಡೂ ಕಡೆ ಒತ್ತು ಅಂತ ಬರ‍್ದಿದ್ದೀರಲ್ಲ, ಏನ್ ಸಮಾಚಾರ?” ಎಂದರು. ಅರ್ಧ ಗಂಟೆ ವಿವರಿಸಿದ ಮೇಲೆ ಅವರ ಮನೆಯ ಕಂಪ್ಯೂಟರೂ ನಿಧಾನವಾಗಿದೆ ಎಂದು ಗೊತ್ತಾಯಿತು.

ನಿನಗೆ ಕಲಿಸುತ್ತಾ ಇದ್ದೇನೆ ಎಂಬ ಸಂತೋಷ ಎಷ್ಟೆಂದು ಹೇಳಲಾರೆ. ಅಂಗಡಿಯಲ್ಲಿ ನಿನ್ನನ್ನು ಕೌಂಟರಿಗೆ ಕೂರಿಸಿದ್ದು ನನ್ನ ದಡ್ಡತನ.

ಒಂದು ಮಾತು ಮಾತ್ರ ಕೇಳು. ರ‍್ಯಾಮ್‌ಗೆ ಸಾಕುಮಾಡು. ಹಿಂದುಗಡೆಯ ತಗಡಿನ ಬಾಗಿಲನ್ನು ತೆಗೆಯಬೇಡ. ಅಲ್ಲಿ ವೈರುಗಳ ಗಂಟು ಬಿಟ್ಟು ಬೇರೇನೂ ಇಲ್ಲ. ಒಂದು ಎಳೆದರೆ ಹತ್ತು ಕಳಚುತ್ತವೆ.

ಅಪ್ಪ


ಫೆಬ್ರವರಿ 19

ಅಪ್ಪ,

ಟಕ್ ಅಂದಿತು. ಎರಡು ಸಲ. ಪರದೆ ಬೆಳಗಿತು, ನಾನು ಕುರ್ಚಿಯಿಂದ ಎದ್ದು ನಿಂತೆ. ಅಂಗಡಿಯಲ್ಲಿ ನಿನ್ನ ಬೆನ್ನಷ್ಟೇ ನನಗೆ ಕಾಣುತ್ತಿತ್ತು. ನೀನು ಬಗ್ಗಿ ಏನೋ ಮಾಡಿ, ಎದ್ದು, ಸೊಂಟಕ್ಕೆ ಕೈ ಇಟ್ಟು ಸುಮ್ಮನೆ ಪರದೆ ನೋಡುತ್ತಿದ್ದೆ. ಯಾಕೆಂದು ಈಗ ಗೊತ್ತಾಯಿತು.

ಕಾರ್ಡ್ ತಂದಾಗಿದೆ. ನನ್ನ ಮುಂಗೈಯಷ್ಟು ಉದ್ದ ಇದೆ, ಅದಕ್ಕೆ ಬೇರೆಯದೇ ಒಂದು ಕರೆಂಟಿನ ವೈರು ಬೇಕಂತೆ. ಆ ವೈರು ಕೆಳಗಿನ ಪವರ್ ಸಪ್ಲೈಯಿಂದ ಬರಬೇಕು. ಅದಕ್ಕೆ ತಗಡಿನ ಬಾಗಿಲು ತೆಗೆಯದೆ ವಿಧಿಯಿಲ್ಲ. ವಕೀಲರಿಗೂ ಹೇಳಿದೆ. ಅವರಿಗೆ ಖುಷಿ. “ತೆಗಿ ತೆಗಿ, ಹಸಿರು ಪಟ್ಟಿ ಕಾಣೋ ಹಾಗೆ ಒಂದು ಫೋಟೋನೂ ಹೊಡಿ” ಎಂದರು. ಸುಟ್ಟ ಯಂತ್ರದ ಸಪ್ಲೈಗೂ ಹಸಿರು ಪಟ್ಟಿ ಇತ್ತಲ್ಲ, ಅದೇ ಇದರಲ್ಲೂ ಇದೆಯೆಂದು ತೋರಿಸಿದರೆ ಅರ್ಧ ಕೇಸು ಗೆದ್ದಂತೆಯೇ ಎನ್ನುತ್ತಾರೆ.

ನೀನು ಯಾಕೆ ಬೇಡ ಎನ್ನುತ್ತೀಯೋ ತಿಳಿಯುತ್ತಿಲ್ಲ. ಇದರಿಂದ ನಿನಗೇ ಒಳ್ಳೆಯದು.

ಮಾರ್ಚ್ 2, ಶನಿವಾರ, ಅಮ್ಮ ಪಾಳಿಗೆ ಹೋದ ಮೇಲೆ ತೆಗೆಯುತ್ತೇನೆ.

ಚೂಟಿ


ಫೆಬ್ರವರಿ 25

ಚೂಟಿ,

ತೆಗೆಯಬೇಡ. ಫೋಟೋ ಬೇಡ. ಕೋರ್ಟಿನಲ್ಲಿ ಬಾಯಿಮಾತು ಸಾಕು, ವಕೀಲರಿಗೆ ನಾನು ಬರೆಯುತ್ತೇನೆ. ನೀನು ತೆಗೆದು ಏನಾದರೂ ಹೆಚ್ಚುಕಮ್ಮಿಯಾದರೆ, ‘ಮಗಳೇ ಬಿಚ್ಚಿ ಬದಲಿಸಿದಳು’ ಎಂದು ಆ ಕಡೆಯವರು ಹೇಳುತ್ತಾರೆ. ಅದಕ್ಕೇ ಹೇಳುತ್ತಿದ್ದೇನೆ, ಬೇರೆ ಕಾರಣವಿಲ್ಲ.

ಎರಡು ತಿಂಗಳು ತಡೆದುಕೋ. ಆಟ ಎಲ್ಲೂ ಓಡಿಹೋಗುವುದಿಲ್ಲ. ನಿನ್ನ ತಂಡದವರಿಗೆ ಹೇಳು, ಅಪ್ಪ ಬರುತ್ತಾನೆ, ಬಂದ ದಿನವೇ ಹಾಕಿಕೊಡುತ್ತಾನೆ ಎಂದು.

ಈ ಕಾಗದ ಶನಿವಾರದೊಳಗೆ ಸಿಗಲಿ. ಸಿಕ್ಕಿದ ಕೂಡಲೇ ಉತ್ತರ ಬರೆ. ಎರಡೇ ಸಾಲು ಸಾಕು.

ಅಪ್ಪ


ಮಾರ್ಚ್ 8

ಅಪ್ಪ,

ನಿನ್ನ ಕಾಗದ ಸೋಮವಾರ ಬಂತು. ಅಷ್ಟರಲ್ಲಿ ತೆಗೆದಾಗಿತ್ತು. ಎಲ್ಲ ಚೆನ್ನಾಗಿದೆ. ಒಂದು ವೈರೂ ಕಳಚಲಿಲ್ಲ.

ಒಳಗಿರುವ ಪವರ್ ಸಪ್ಲೈ ಮೇಲೆ 550 ವ್ಯಾಟ್ ಎಂದು ಬರೆದಿದೆ. ಹೊಸ ಕಾರ್ಡಿಗೆ ಅದು ಕಡಿಮೆಯೇನೋ ಎಂದು ಅನುಮಾನ. ಆಮೇಲೆ ಅಟ್ಟದ ಮೇಲೆ ಹುಡುಕಿದೆ. ಹಳೆ ಮಾನಿಟರಿನ ರಟ್ಟಿನ ಪೆಟ್ಟಿಗೆಯಲ್ಲಿ, ನನ್ನ ಶಾಲೆಯ ಸ್ವೆಟರಿನಲ್ಲಿ ಸುತ್ತಿದ ಇನ್ನೊಂದು ಸಪ್ಲೈ ಸಿಕ್ಕಿತು. ಅದರ ಮೇಲೆ 650. ಯಾವುದು ದೊಡ್ಡದೆಂದು ಹೇಳಲು ರಿಪೇರಿಯವನೇ ಬೇಕೆಂದೇನಿಲ್ಲ. ಅಳತೆಯೂ ಒಂದೇ, ಸ್ಕ್ರೂ ತೂತುಗಳೂ ಸರಿಹೊಂದುತ್ತವೆ.

ಆದ್ದರಿಂದ ಅಟ್ಟದ್ದನ್ನೇ ಹಾಕುತ್ತೇನೆ. ಮಾರ್ಚ್ 24 ಭಾನುವಾರ, ಬೆಳಿಗ್ಗೆ ಹತ್ತಕ್ಕೆ.

ವಕೀಲರು ನನಗೆ ಸಾಕ್ಷಿ ಬಾಯಿಪಾಠ ಮಾಡಿಸುತ್ತಿದ್ದಾರೆ. ‘ಅದೇ ಸಾಮಾನು ನನ್ನ ಮೇಜಿನ ಕೆಳಗೂ ಇದೆ. ನಮ್ಮಪ್ಪ ಅದನ್ನು ಮುಟ್ಟಿಲ್ಲ.’ ಮೂರು ಸಲ ಹೇಳಿಸಿದರು. ಆಮೇಲೆ ಎದ್ದು ಹೋಗಿ ನೀರು ಕುಡಿದೆ.

ಚೂಟಿ


ಮಾರ್ಚ್ 13

ಚೂಟಿ,

ಅಟ್ಟದ ಮೇಲಿನದು ಗುಜರಿ ಸಾಮಾನು. ಯಾವುದೋ ಗಿರಾಕಿ ಬಿಟ್ಟುಹೋದದ್ದು. ಹಾಕಬೇಡ. ಡಬ್ಬದ ಮೇಲಿನ ಅಂಕಿ ನಂಬಬೇಡ, ಆರುನೂರೈವತ್ತು ಎಂದು ಅಚ್ಚು ಹಾಕಿಸುವುದು ಸುಲಭ. ಒಳಗಿರುವುದು ನಿನ್ನ ಕಾರ್ಡಿಗೆ ಧಾರಾಳವಾಯಿತು.

ಆ ಹಳೆಯದನ್ನು ಸ್ವೆಟರ್ ಸಮೇತ ಎಲ್ಲಾದರೂ ದೂರ ಎಸೆದುಬಿಡು.

ಬಲ್ಲವನ ಮಾತು ಕೇಳು. ಏನಾದರೂ ಬರೆ. ಫೋನಿನ ಸರದಿ ನನಗೆ ಮುಂದಿನ ತಿಂಗಳು ಐದಕ್ಕೆ ಬರುತ್ತದೆ, ಅದಕ್ಕೂ ಮೊದಲು ಕೊಡುವುದಿಲ್ಲ ಎಂದರು. ಕೇಳಿ ನೋಡಿದೆ.

ಅಪ್ಪ


ಮಾರ್ಚ್ 18

ಅಪ್ಪ,

ಗುಜರಿ ಅಲ್ಲ. ವೈರು ಜೋಡಿಸಿ ನೋಡಿದೆ, ಫ್ಯಾನ್ ಸದ್ದಿಲ್ಲದೆ ತಿರುಗುತ್ತದೆ. ಹೊಸದರ ಹಾಗಿದೆ.

ಗಾಜಿನ ಬಾಗಿಲು ಬೇಡ ಎಂದೆ ನೀನು, ತೆಗೆದೆ ನಾನು, ಏನೂ ಆಗಲಿಲ್ಲ. ತಗಡಿನದು ಬೇಡ ಎಂದೆ, ತೆಗೆದೆ, ಏನೂ ಆಗಲಿಲ್ಲ. ಈಗ ಇದೂ ಬೇಡ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರೆ ನಾನು ಕೇಳುವುದಿಲ್ಲ. ಕಾರಣ ಇದ್ದರೆ ಬರೆ. ಇಲ್ಲವಾದರೆ ಭಾನುವಾರ ಹತ್ತಕ್ಕೆ ಅದು ನನ್ನ ಮೇಜಿನ ಕೆಳಗಿರುತ್ತದೆ, ನಾನು ಅದರ ಮುಂದೆ ಕೂತಿರುತ್ತೇನೆ.

ಚೂಟಿ


ಮಾರ್ಚ್ 21

ಮೊದಲು ಈ ಕಾಗದ ಓದುವ ಗುಮಾಸ್ತರಿಗೆ: ಸ್ವಾಮಿ, ಇದನ್ನು ತಡೆಹಿಡಿಯಬೇಡಿ. ನಕಲು ತೆಗೆದುಕೊಳ್ಳಿ, ಯಾರಿಗೆ ಬೇಕಾದರೂ ಕಳಿಸಿ. ಆದರೆ ಮೂಲ ಇವತ್ತೇ ಅಂಚೆಗೆ ಬೀಳಲಿ. ಕೈ ಮುಗಿದು ಕೇಳುತ್ತೇನೆ.

ಚೂಟಿ, ಅದನ್ನು ಹಾಕಬೇಡ. ಪ್ಲಗ್ಗಿನ ಹತ್ತಿರಕ್ಕೂ ಒಯ್ಯಬೇಡ. ಅದು ನಿನ್ನ ಯಂತ್ರದೊಳಗೆ ಕಂಪನಿಯಿಂದಲೇ ಬಂದಿದ್ದ ಸಪ್ಲೈ. ಹಸಿರು ಪಟ್ಟಿಯದು. ನಕ್ಷೆ ಕಚೇರಿಯಲ್ಲಿ ಸುಟ್ಟದ್ದೂ ಅದೇ. ನಾನೇ ಅದನ್ನು ತೆಗೆದು, ಒಳ್ಳೆಯದೊಂದನ್ನು ಹಾಕಿದೆ. ನೀನು ಶಾಲೆಗೆ ಹೋಗಿದ್ದೆ.

ನನಗೆ ಗೊತ್ತಿತ್ತು.

ನಾನು ಇಲ್ಲಿಗೆ ಬರುವ ಹಿಂದಿನ ವರ್ಷ, ಅಕ್ಟೋಬರ್ ಮೊದಲ ವಾರದಲ್ಲಿ ಕಚೇರಿಯ ಒಂದು ಯಂತ್ರ ಸುಟ್ಟ ವಾಸನೆ ಬರುತ್ತದೆಂದು ಅಂಗಡಿಗೆ ಬಂತು. ಸಪ್ಲೈ ಬಿಚ್ಚಿದೆ. ಬಿಸಿಯೇರಿದರೆ ಕರೆಂಟು ಕತ್ತರಿಸುವ ಒಂದು ಸಣ್ಣ ಭಾಗ ಅದರಲ್ಲಿ ಇರಬೇಕು. ಅದರ ಜಾಗ ಇತ್ತು, ಅದು ಇರಲಿಲ್ಲ. ಜಾಗದಲ್ಲಿ ಒಂದು ತುಂಡು ತಂತಿ ಬೆಸೆದಿದ್ದರು. ಕಾವಲುಗಾರನ ಕುರ್ಚಿ ಇಟ್ಟು ಕಾವಲುಗಾರನನ್ನು ಇಡದ ಹಾಗೆ. ಅಂಗಡಿ ಬಾಗಿಲೆಳೆದು ನೇರ ಮನೆಗೆ ಬಂದೆ. ನಿನ್ನದರಲ್ಲೂ ತಂತಿಯೇ. ಅವತ್ತೇ ಕಿತ್ತಿಟ್ಟೆ, ಅಂಗಡಿಯಲ್ಲಿದ್ದ ಒಳ್ಳೆಯ ಸಪ್ಲೈ ತಂದು ಹಾಕಿದೆ.

ಕಚೇರಿಯವರಿಗೆ, “ಧೂಳಷ್ಟೇ ಸಾರ್, ಏನಾಗಲ್ಲ” ಎಂದೆ. ನಿಜ ಹೇಳಿದ್ದರೆ ಹನ್ನೊಂದನ್ನೂ ವಾಪಸ್ಸು ತರಬೇಕಾಗಿತ್ತು, ಅಂಗಡಿ ಎದ್ದು ಹೋಗುತ್ತಿತ್ತು. ಸರ್ವೀಸಿಗೆ ಬಂದ ಹಾಗೆ ಒಂದೊಂದೇ ಬದಲಿಸೋಣ ಎಂದುಕೊಂಡೆ. ಐವತ್ತನಾಲ್ಕು ದಿನ ಹಾಗೆ ಎಂದುಕೊಳ್ಳುತ್ತಲೇ ಇದ್ದೆ. ಆಮೇಲೆ ಬೆಂಕಿ ಬಿತ್ತು.

ಹಳೆಯದನ್ನು ಯಾಕೆ ಎಸೆಯಲಿಲ್ಲ ಎನ್ನುತ್ತೀಯ. ಫ್ಯಾನ್ ಚೆನ್ನಾಗಿತ್ತು. ರಿಪೇರಿಯವನ ಕೈ ಏನನ್ನೂ ಎಸೆಯುವುದಿಲ್ಲ.

ಅಮ್ಮನಿಗೆ ಇದು ಗೊತ್ತಿಲ್ಲ. ಅವಳ ಮೇಲೆ ಸಿಟ್ಟಾಗಬೇಡ.

ಶನಿವಾರ ಸಂಜೆಯೊಳಗೆ ಇದು ನಿನ್ನ ಕೈಗೆ ಸಿಗಬೇಕು. ಸಿಗದಿದ್ದರೆ ಎಂದು ಯೋಚಿಸಿದಾಗಲೆಲ್ಲ ಕಾವಲಿನವರನ್ನು ಕರೆದು ಅಂಚೆ ಎಷ್ಟು ಗಂಟೆಗೆ ಹೋಗುತ್ತದೆಂದು ಕೇಳುತ್ತಿದ್ದೇನೆ.

ಅಪ್ಪ


ಮಾರ್ಚ್ 25

ಅಪ್ಪ,

ಶನಿವಾರ ಮಧ್ಯಾಹ್ನ ಸಿಕ್ಕಿತು. ಮೊಹರಿನ ಪಕ್ಕದಲ್ಲಿ ‘ನಕಲು ಕಳಿಸಿದೆ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

ಭಾನುವಾರ ಹತ್ತಕ್ಕೆ ನಾನು ಏನನ್ನೂ ಹಾಕಲಿಲ್ಲ. ಹಾಕುವ ಯೋಚನೆ ಯಾವತ್ತೂ ಇರಲಿಲ್ಲ. ಫ್ಯಾನ್ ತಿರುಗಿತೆಂದು ಬರೆದದ್ದು ಸುಳ್ಳು. ಆ ಪೆಟ್ಟಿಗೆಗೆ ನಾನು ವೈರನ್ನೇ ಮುಟ್ಟಿಸಿಲ್ಲ.

ಮಾರ್ಚ್ 2ರಂದು ತಗಡಿನ ಬಾಗಿಲಿನ ಚೀಟಿ ಕೀಳಲು ಹೋದಾಗಲೇ ಒಂಥರಾ ಆಯಿತು. ಅದು ಕಂಪನಿಯ ಚೀಟಿಯಲ್ಲ, ನಮ್ಮ ಅಂಗಡಿಯ ಸುರುಳಿಯದು. ಸಾವಿರ ಚೀಟಿ ನಾನೇ ಹರಿದು ಕೊಟ್ಟಿದ್ದೇನೆ, ಗೊತ್ತಾಗದೇ? ಬಾಗಿಲು ತೆಗೆದು ಟಾರ್ಚ್ ಬಿಟ್ಟೆ. ಹಸಿರು ಪಟ್ಟಿ ಇರಲಿಲ್ಲ. ಸಪ್ಲೈಯ ಅಂಚಿನಲ್ಲಿ ಬಿಳಿ ಪೆನ್ನಿನಲ್ಲಿ ‘ಅಕ್ಟೋಬರ್ 3’, ಪಕ್ಕದಲ್ಲಿ ನಿನ್ನ ಗುರುತಿನ ಗೀಟು. ನೀನು ಹಾಕಿದ ಪ್ರತಿ ಸಾಮಾನಿನ ಮೇಲೂ ಹಾಕಿದ ದಿನ ಬರೆಯುತ್ತೀಯ, ‘ನಾಳೆ ಜಗಳ ಬರಬಾರದು ನೋಡು’ ಎನ್ನುತ್ತಿದ್ದೆ. ಕದ್ದುಮುಚ್ಚಿ ಹಾಕಿದ್ದರ ಮೇಲೂ ಬರೆದಿದ್ದೀಯ. ಅಭ್ಯಾಸದ ಕೈ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಮ್ಮ ಪಾಳಿಯಿಂದ ಬರುವವರೆಗೂ ಕೂತಿದ್ದೆ. ಏನು ಕಳೆದುಹೋಯಿತೆಂದು ಕೇಳಿದಳು. ಸ್ಕ್ರೂ ಎಂದೆ. ಅವಳೂ ಬಗ್ಗಿ ಹುಡುಕಿದಳು.

ನಾನು ನಿನಗೆ ನೇರವಾಗಿ ಬರೆದು ಕೇಳಬಹುದಿತ್ತು. ಕೇಳಿದ್ದರೆ ಗುಮಾಸ್ತರು ಓದುತ್ತಿದ್ದರು, ನಿನ್ನನ್ನು ಹಿಡಿದುಕೊಟ್ಟವಳು ನಾನಾಗುತ್ತಿದ್ದೆ. ಸುಮ್ಮನಿದ್ದರೆ ಏಪ್ರಿಲ್ 22ಕ್ಕೆ ಹೋಗಿ ‘ಅದೇ ಸಾಮಾನು’ ಎನ್ನಬೇಕಾಗಿತ್ತು. ಎರಡೂ ಆಗಲಿಲ್ಲ. ಅದಕ್ಕೆ ಅಟ್ಟ ಹತ್ತಿದೆ. ನಿನಗೆ ನಿನ್ನ ಬಿಡುಗಡೆ ಹೆಚ್ಚೋ ನಾನು ಹೆಚ್ಚೋ ನೋಡಿಬಿಡೋಣ ಎನ್ನಿಸಿತು. ಕೆಟ್ಟ ಬುದ್ಧಿ. ನಿನ್ನ ‘ಗುಜರಿ ಸಾಮಾನು’ ಎಂಬ ಕಾಗದ ಬಂದ ದಿನ ನನಗೆ ಊಟ ಸೇರಲಿಲ್ಲ. ಈ ಕಾಗದ ಬಂದ ದಿನವೂ ಸೇರಲಿಲ್ಲ.

ನೀನು ನನ್ನನ್ನು ಉಳಿಸಲು ನಿಜ ಹೇಳಿದೆ. ನನಗೆ ಅಳು ಬಂತು, ಹೆಮ್ಮೆಯೂ ಆಯಿತು, ಆ ಹೆಮ್ಮೆಗೆ ನಾಚಿಕೆಯೂ ಆಯಿತು. ಆ ನಕ್ಷೆ ಬರೆಯುವಾಕೆಯೂ ಯಾರದೋ ಮಗಳು. ಅವಳಿಗಾಗಿ ಒಂದು ಮಾತು ಸಾಕಿತ್ತು, ಐವತ್ತನಾಲ್ಕು ದಿನ ಇತ್ತು.

ಈಗ ಮುಖ್ಯವಾದದ್ದು. ಆ ಬೇಸಿಗೆಯಲ್ಲಿ ಹಸಿರು ಪಟ್ಟಿಯ ಸಪ್ಲೈಗಳನ್ನು ಬಿಡಿಯಾಗಿಯೂ ಮಾರಿದ್ದೆವು. ಕೋರ್ಟಿನವರು ಕಚೇರಿಯ ಯಂತ್ರಗಳನ್ನಷ್ಟೇ ಎತ್ತಿಕೊಂಡು ಹೋದರು. ಬಿಡಿಯಾಗಿ ಹೋದವು ಯಾರ ಲೆಕ್ಕದಲ್ಲೂ ಇಲ್ಲ. ನಾನೇ ಚೀಲಕ್ಕೆ ಹಾಕಿ, “ಬನ್ನಿ ಅಂಕಲ್” ಎಂದು ನಗುತ್ತಾ ಕೊಟ್ಟಿದ್ದೇನೆ. ಅವು ಇವತ್ತಿಗೂ ಯಾರದೋ ಮೇಜಿನ ಕೆಳಗೆ ಇವೆ. ಎಷ್ಟು? ಯಾರಿಗೆ?

ಕ್ಷಮೆಯ ಮಾತು ಬರೆಯಬೇಡ. ವಿಳಾಸ ಬರೆ.

ಚೂಟಿ


ಏಪ್ರಿಲ್ 2

ಚೂಟಿ,

ನೀನು ಪರೀಕ್ಷೆ ಮಾಡಿದೆ ಎಂಬುದಕ್ಕೆ ನನಗೆ ಸಿಟ್ಟಿಲ್ಲ. ಆ ಪೆಟ್ಟಿಗೆ ನಿನ್ನ ಕಾಲ ಬಳಿ ಇಲ್ಲ ಎಂದು ಓದಿದ ಮೇಲೆ ನಾನು ಒಂಬತ್ತು ಗಂಟೆ ನಿದ್ದೆ ಮಾಡಿದೆ.

ಏಳು ಮಾರಿದ್ದೆ. ಅಷ್ಟೂ ನೆನಪಿದೆ, ಮರೆಯಬೇಕೆಂದು ಪ್ರಯತ್ನಿಸಿದ್ದರಿಂದ ಇನ್ನೂ ಚೆನ್ನಾಗಿ ನೆನಪಿದೆ. ಔಷಧಿ ಅಂಗಡಿಯ ಮೇಲಿನ ಮನೆಯ ದರ್ಜಿ. ಈಜುಕೊಳದ ಎದುರು ಸಂಗೀತ ಹೇಳಿಕೊಡುವಾಕೆ. ಟಿಕೆಟ್ ಕೌಂಟರಿನಲ್ಲಿ ಕೂರುವ ದಪ್ಪ ಕನ್ನಡಕದವರು, ಮನೆ ರೈಲು ಹಳಿಯ ಆಚೆ ಮೂರನೆಯದು. ಕನ್ನಡಿ ಕತ್ತರಿಸುವವನು ಮತ್ತು ಅವನ ಷಡ್ಡಕ, ಇಬ್ಬರೂ ಒಂದೇ ದಿನ ಬಂದಿದ್ದರು. ಮುದ್ರಣಾಲಯದ ಅಕ್ಷರ ತಿದ್ದುವವರು. ಕೊನೆಯದು, ನೀರಿನ ಟ್ಯಾಂಕಿನ ಬೀದಿಯ ನಿವೃತ್ತ ನರ್ಸು, ಮಹಡಿ ಮನೆ, ಒಬ್ಬರೇ ಇರುತ್ತಾರೆ. ದಾರಿಗಳನ್ನು ಬೇರೆ ಹಾಳೆಯಲ್ಲಿ ಗೀಚಿ ಇಟ್ಟಿದ್ದೇನೆ.

ಕೆಲಸದ ಮಾತು. ಗೋಡೆಯ ಪ್ಲಗ್ಗನ್ನು ನೀನೇ ಕಣ್ಣಾರೆ ನೋಡಿ ಕೀಳು, ‘ತೆಗ್ದಿದ್ದೀನಿ’ ಎಂಬ ಮಾತು ನಂಬಬೇಡ. ಹಳೆ ಸಪ್ಲೈಯ ವೈರು ಹೊಸದಕ್ಕೆ ಸಿಕ್ಕಿಸಬೇಡ, ತುದಿ ಒಂದೇ ಥರ ಕಂಡರೂ ಒಳಗಿನ ಜೋಡಣೆ ಬೇರೆ, ಡಿಸ್ಕು ಸುಡುತ್ತದೆ. ಸಪ್ಲೈಯ ಡಬ್ಬವನ್ನು ಮಾತ್ರ ಯಾವತ್ತೂ ಬಿಚ್ಚಬೇಡ, ಪ್ಲಗ್ಗು ಕಿತ್ತ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ. ತಿಳಿಯದ್ದು ಎದುರಾದರೆ ತಿಳಿಯದು ಎನ್ನು. ನನಗೆ ಬಾರದ ವಿದ್ಯೆ ಅದು.

ವಕೀಲರು ಕೇಸು ಬಿಡುತ್ತೇನೆಂದು ಹೇಳಿ ಕಳಿಸಿದ್ದಾರೆ. ಬಿಡಲಿ.

ಅಪ್ಪ


ಮೇ 14

ಅಪ್ಪ,

ಅಪೀಲು ವಜಾ ಆದದ್ದು ನಿನಗೆ ನನಗಿಂತ ಮೊದಲೇ ತಿಳಿದಿರುತ್ತದೆ. ನನ್ನನ್ನು ಸಾಕ್ಷಿಗೆ ಕರೆಯಲೇ ಇಲ್ಲ. ನಿನ್ನ ಕಾಗದದ ನಕಲನ್ನು ಓದಿದರು. ಅದರಲ್ಲಿ ‘ಚೂಟಿ’ ಎಂದು ಇದ್ದದ್ದನ್ನು ಯಾರೋ ಅಪರಿಚಿತ ಗಂಟಲಿನಲ್ಲಿ ಕೇಳುವುದು ಕಷ್ಟವಾಯಿತು. ಅಮ್ಮ ಕೊನೆಯವರೆಗೂ ತಲೆ ಎತ್ತಲಿಲ್ಲ. ಮನೆಗೆ ಬಂದ ಮೂರನೆಯ ದಿನ ನಿನ್ನ ಬಟ್ಟೆಗಳನ್ನೆಲ್ಲ ತೆಗೆದು ಒಗೆದು ಮತ್ತೆ ಅಲ್ಲೇ ಮಡಚಿಟ್ಟಳು. ನಿನಗೆ ಬರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ.

ನಕ್ಷೆ ಬರೆಯುವಾಕೆ ಬಂದಿದ್ದರು. ಎಡಗೈಯಲ್ಲಿ ಪೆನ್ನು ಹಿಡಿದು ಏನೋ ಬರೆದುಕೊಳ್ಳುತ್ತಿದ್ದರು. ಹತ್ತಿರ ಹೋಗಬೇಕೆಂದು ಎದ್ದೆ, ಧೈರ್ಯ ಸಾಲಲಿಲ್ಲ. ಇವತ್ತಲ್ಲ ನಾಳೆ ಹೋಗಬೇಕು.

ನನ್ನ ಕಾರ್ಡ್ ಹಾಕಿದೆ. ನೀನು ಹಾಕಿದ ಸಪ್ಲೈ ಚೆನ್ನಾಗಿಯೇ ಹೊರುತ್ತದೆ. ಆಟ ನುಣ್ಣಗೆ ಓಡುತ್ತದೆ. ಅರ್ಧ ಗಂಟೆ ಆಡಿ ನಿಲ್ಲಿಸುತ್ತೇನೆ, ಕಾಲು ತಾನಾಗಿಯೇ ಮೇಜಿನ ಕೆಳಗಿನಿಂದ ಹಿಂದಕ್ಕೆ ಬರುತ್ತದೆ.

ಆರು ಮನೆ ಮುಗಿದವು. ದರ್ಜಿಯ ಮನೆಯಲ್ಲಿ ಮೂರು ಗಂಟೆ ಹಿಡಿಯಿತು, ಒಂದು ವೈರನ್ನು ಉಲ್ಟಾ ತುರುಕುತ್ತಿದ್ದೆ. ಸಂಗೀತದವರು ಬಾಗಿಲಲ್ಲೇ ನಿನ್ನ ಹೆಸರು ಹಿಡಿದು ಬೈದರು, ಆಮೇಲೆ ಕುರ್ಚಿ ಹಾಕಿದರು. ಕನ್ನಡಿಯವನ ಷಡ್ಡಕ ಯಂತ್ರವನ್ನು ಯಾವಾಗಲೋ ಒಡೆದು ಹಾಕಿದ್ದನಂತೆ, ಅದನ್ನು ಖಚಿತ ಮಾಡಿಕೊಳ್ಳಲು ನಾನು ಗುಜರಿಯವನವರೆಗೂ ಹೋಗಿ ಬಂದೆ. ಅಕ್ಷರ ತಿದ್ದುವವರ ಡಬ್ಬದ ಹಸಿರು ಪಟ್ಟಿ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಹೊರತೆಗೆದು ಅಂಗಳದಲ್ಲಿ ಇಟ್ಟೆ, ಅವರೂ ನಾನೂ ಸ್ವಲ್ಪ ಹೊತ್ತು ಅದನ್ನು ನೋಡುತ್ತಾ ನಿಂತೆವು.

ನಿನ್ನೆ ನೀರಿನ ಟ್ಯಾಂಕಿನ ಬೀದಿಗೆ ಹೋದೆ. ನರ್ಸಮ್ಮ ಸರಪಳಿ ತೆಗೆಯದೆ ಬಾಗಿಲ ಸಂದಿಯಿಂದಲೇ ಮಾತಾಡಿದರು. ಕಂಪ್ಯೂಟರು ಮಲಗುವ ಮಂಚದ ಪಕ್ಕದಲ್ಲೇ ಇದೆಯಂತೆ, ಊರಾಚೆಯ ಮೊಮ್ಮಗಳ ಮುಖ ಅದರಲ್ಲೇ ನೋಡುವುದಂತೆ. ಒಳಗಿನ ಒಂದು ಭಾಗ ಅಪಾಯದ್ದು, ಬದಲಿಸಬೇಕು, ಅದಕ್ಕೆ ನೀವೇನೂ ಕೊಡಬೇಕಾಗಿಲ್ಲ ಎಂದೆ. ಪುಕ್ಕಟೆ ಎಂದ ಕೂಡಲೇ ಅವರ ಅನುಮಾನ ಹೆಚ್ಚಾಯಿತು.

“ಯಾರಮ್ಮ ನಿನ್ನ ಕಳ್ಸಿದ್ದು?”

“ನಮ್ಮಪ್ಪ. ನಿಮಗೆ ಅದನ್ನ ಮಾರಿದವ್ರು.”

“ಮಾರಿದವ್ರು ಅವ್ರೇ ಬರ‍್ಬೇಕಪ್ಪ. ಎಲ್ಲಿದ್ದಾರೆ ಅವ್ರು?”

ಈ ಒಂದೂವರೆ ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಎಷ್ಟು ಜನ ಕೇಳಿದ್ದಾರೋ. ತಂಡದವರಿಗೆ ನೀನು ಹಡಗಿನಲ್ಲಿದ್ದೀಯ. ಕಾಲೇಜಿನಲ್ಲಿ ದೂರದೂರಿನ ಕಾರ್ಖಾನೆಯಲ್ಲಿದ್ದೀಯ. ಹೇಳಿ ಹೇಳಿ ನನಗೇ ಆ ಹಡಗು ಕಾಣಿಸತೊಡಗಿತ್ತು.

“ಜೈಲಲ್ಲಿದ್ದಾರೆ,” ಎಂದೆ. “ಇದು ಕೆಟ್ಟದ್ದು ಅಂತ ಗೊತ್ತಿದ್ದೂ ಯಾರಿಗೂ ಹೇಳ್ಲಿಲ್ಲ. ಈಗ ಹೇಳಿದ್ದಾರೆ. ಅದಕ್ಕೇ ನಾನು ಬಂದೆ.”

ಅವರು ನನ್ನ ಮುಖವನ್ನೂ, ಕೈಯಲ್ಲಿದ್ದ ಹೊಸ ಪೆಟ್ಟಿಗೆಯನ್ನೂ ನೋಡಿದರು. ಬಾಗಿಲು ಮುಚ್ಚಿತು. ಒಳಗೆ ಸರಪಳಿ ಕಳಚಿದ ಸದ್ದಾಯಿತು.

ಚೂಟಿ